ವಾಸನೆ ತೊಳೆದ ರಿಕ್ಷಾ

ಸಾಲಿನಲ್ಲಿ ನಿಂತ ರಿಕ್ಷಾಗಳು ಒಂದೊಂದಾಗಿ ಮುಂದೆ ಸರಿಯಬೇಕು, ಮುಂದೆ ಬಂದದ್ದಕ್ಕೆ ಬಾಡಿಗೆ ಸಿಗಬೇಕು. ಎಲ್ಲ ಊರಿನ ಸ್ಟ್ಯಾಂಡಿಗೂ ಇದೇ ಕಾನೂನು. ನಮ್ಮ ಸಾಸ್ತಾನದಲ್ಲಿ ಮಾತ್ರ ಈ ಕಾನೂನು ರತ್ನಾಕರನ ರಿಕ್ಷಾದ ಹತ್ತಿರ ಬಂದು ಮುಗ್ಗರಿಸುತ್ತಿತ್ತು. ಅವನ ಗಾಡಿ ಸಾಲಿನ ತಲೆಗೆ ಬರುತ್ತಿತ್ತು. ಬಸ್ಸಿಳಿದ ಜನ ಬಂದು ಒಳಗೆ ತಲೆ ಹಾಕುತ್ತಿದ್ದರು, ಒಮ್ಮೆ ಮೂಗು ಎಳೆದು ಮುಖ ಕಿವುಚಿ ಹಿಂದಿನ ರಿಕ್ಷಾಕ್ಕೆ ಹೋಗಿ ಕೂರುತ್ತಿದ್ದರು. ನಾಲ್ಕಾರು ಸಲ ಹೀಗಾದ ಮೇಲೆ ಅವನೇ ಗಾಡಿ ತಿರುಗಿಸಿಕೊಂಡು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದ. ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಆ ಸ್ಟ್ಯಾಂಡಿನ ಎದುರಿಗೇ ನಮ್ಮ ಚಾ ಹೋಟೆಲು. ನನ್ನ ಹೆಸರು ನಾಗು, ಊರಿಗೆಲ್ಲ ನಾಗಕ್ಕ. ಯಜಮಾನರು ವೆಂಕಟ ಗೋಳಿಬಜೆ ಕರಿಯುತ್ತಾರೆ, ನಾನು ಮಾತು ಕರಿಯುತ್ತೇನೆ ಎಂದು ಡ್ರೈವರುಗಳು ತಮಾಷೆ ಮಾಡುವುದುಂಟು. ಮಾಡಲಿ. ಮಾತೂ ಇಲ್ಲದಿದ್ದರೆ ಹೆದ್ದಾರಿ ಬದಿಯ ಧೂಳಿನಲ್ಲಿ ದಿನ ಕಳೆಯುವುದು ಹೇಗೆ? ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕುಡುಕರನ್ನು ಕಂಡರೆ ನನಗಾಗುವುದಿಲ್ಲ. ಕುಡುಕರ ಮೇಲೆ ಕನಿಕರ ಸುರಿಸುವವರನ್ನು ಕಂಡರೂ ಆಗುವುದಿಲ್ಲ. ಅಂಥವಳು ರತ್ನಾಕರನ ಕತೆ ಹೇಳಲು ಕುಳಿತಿದ್ದೇನೆ ಎಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ರತ್ನಾಕರ ಕೋಡಿಯವನು, ಗುಡ್ಡಜ್ಜನ ಹಿರಿಮಗ. ಹೆಂಡತಿ ಸುಗುಣ ಬೈಂದೂರು ಕಡೆಯವಳು, ಮೀನು ಮಾರುತ್ತಾಳೆ. ನಮ್ಮ ಕಡೆಯ ಬಸ್ಸುಗಳಲ್ಲಿ ಮೀನಿನ ಬುಟ್ಟಿಗೆ ಜಾಗವಿಲ್ಲ. ಮೀನಿಲ್ಲದೆ ತುತ್ತು ಇಳಿಯದ ಕಂಡಕ್ಟರನೂ ಬುಟ್ಟಿ ಹೊತ್ತ ಹೆಂಗಸನ್ನು ಕಂಡರೆ ‘ರೈಟ್’ ಹೇಳಿಬಿಡುತ್ತಾನೆ. ಹಾಗಾಗಿ ರತ್ನಾಕರ ರಿಕ್ಷಾ ತೆಗೆದುಕೊಂಡ ದಿನದಿಂದಲೇ ಅದು ಮೀನಿನ ರಿಕ್ಷಾ ಆಯಿತು. ಬೆಳಿಗ್ಗೆ ಕೋಡಿಯ ಬಂದರಿನಿಂದ ಸುಗುಣಳನ್ನೂ ಅವಳ ಜೊತೆಯ ಹೆಂಗಸರನ್ನೂ ಬುಟ್ಟಿ ಸಮೇತ ತುಂಬಿಕೊಂಡು, ಹೆದ್ದಾರಿ ಹತ್ತಿ, ಹೊಳೆಯ ಸೇತುವೆ ದಾಟಿ ಬಾರ್ಕೂರಿಗೆ ಮುಟ್ಟಿಸುತ್ತಿದ್ದ. ಮಧ್ಯಾಹ್ನ ಖಾಲಿ ಬುಟ್ಟಿಗಳನ್ನು ವಾಪಸು ತರುತ್ತಿದ್ದ. ವರ್ಷಗಟ್ಟಲೆ ಬುಟ್ಟಿಯ ನೀರು ಸೋರಿ ಸೋರಿ ಆ ಗಾಡಿಯ ತಗಡಿಗೂ ಸೀಟಿಗೂ ವಾಸನೆ ಇಳಿದುಹೋಗಿತ್ತು. ಬೇರೆ ಬಾಡಿಗೆ ಸಿಗುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕುಡಿತ ಅವನಿಗೆ ಹಳೆಯದು. ಮದುವೆಯಾದ ಹೊಸದರಲ್ಲೇ ಶುರುವಾದದ್ದು, ಮಗಳು ಶರಣ್ಯಾ ಹೈಸ್ಕೂಲಿಗೆ ಬರುವ ಹೊತ್ತಿಗೆ ಮನೆಯಲ್ಲಿ ನೆಗ್ಗದ ಪಾತ್ರೆ ಉಳಿದಿರಲಿಲ್ಲ. ಆಗ ಊರವರು ಸೇರಿ ಮದ್ಯವರ್ಜನ ಶಿಬಿರ ಮಾಡಿದರು. ಸುಗುಣಳೇ ಅವನ ಕೈಹಿಡಿದು ಕರೆದೊಯ್ದು ಕೂರಿಸಿದಳು. ನಾಯಿ ಬಾಲ ಡೊಂಕು, ಇದೆಲ್ಲ ಎಷ್ಟು ದಿನ ನೋಡುವ ಎಂದು ನಾನು ಇದೇ ಹೋಟೆಲಿನಲ್ಲಿ ನಿಂತು ಹೇಳಿದ್ದೆ. ನಾಲ್ಕು ವರ್ಷ ಅವನು ನನ್ನ ಮಾತನ್ನು ಸುಳ್ಳು ಮಾಡಿದ. ಆಮೇಲಿನ ಶಿಬಿರಗಳಿಗೆಲ್ಲ ಅವನನ್ನೇ ಕರೆದು ಮೈಕಿನ ಮುಂದೆ ನಿಲ್ಲಿಸುತ್ತಿದ್ದರು. ಬಿಳಿ ಅಂಗಿ ಹಾಕಿಕೊಂಡು ಹೋಗಿ, ತನ್ನ ಕತೆ ಹೇಳಿ, ಶಾಲು ಹೊದಿಸಿಕೊಂಡು ಬರುತ್ತಿದ್ದ. ನಮ್ಮಲ್ಲಿಗೆ ಚಾ ಕುಡಿಯಲು ಬರುವಾಗ ಮಾತ್ರ ಆ ಶಾಲನ್ನು ಮಡಚಿ ಸೀಟಿನಡಿ ಹಾಕಿ ಬರುತ್ತಿದ್ದ, ನನ್ನ ಬಾಯಿಗೆ ಹೆದರಿ.

ಅವನು ಮತ್ತೆ ಬಿದ್ದದ್ದು ಅಪ್ಪನ ಎಲೆಯ ಮುಂದೆ. ಗುಡ್ಡಜ್ಜ ತೀರಿಕೊಂಡ ವರ್ಷ ಮಹಾಲಯ ಅಮಾವಾಸ್ಯೆಗೆ ಮನೆಯಲ್ಲಿ ಹಿರಿಯರಿಗೆ ಬಡಿಸಿದರು. ಸತ್ತವರಿಗೆ ಬಡಿಸುವಾಗ ಬದುಕಿದ್ದಾಗ ಅವರು ಆಸೆಪಟ್ಟದ್ದೆಲ್ಲ ಎಲೆಗೆ ಬರಬೇಕು. ಗುಡ್ಡಜ್ಜನ ಎಲೆಗೆ ಕುಚ್ಚಲಕ್ಕಿ ಅನ್ನ, ಕೋಳಿಸಾರು, ಹುರಿದ ಬಂಗುಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಗ್ಲಾಸು ಬ್ರಾಂಡಿ. ದೀಪ ಹಚ್ಚಿ ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಕಾಯುತ್ತಾರೆ. ಹೋದವರು ಬಂದು ಉಂಡರು ಎಂದಾದ ಮೇಲೆ ಒಳಗೆ ಹೋಗಿ, ಎಲೆಯಲ್ಲಿದ್ದದ್ದನ್ನು ಮನೆಯವರು ಪ್ರಸಾದವೆಂದು ಹಂಚಿಕೊಳ್ಳುತ್ತಾರೆ. ಹಿರಿಮಗ ಮೊದಲು ಮುಟ್ಟಬೇಕು. ರತ್ನಾಕರ ಅನ್ನ ಮುಟ್ಟಿದ, ಮೀನು ಮುಟ್ಟಿದ, ಗ್ಲಾಸಿನ ಹತ್ತಿರ ಬಂದ ಕೈ ನಿಂತಿತು. ಗುಡ್ಡಜ್ಜನ ತಂಗಿ ಜಲಜ ಅಳತೊಡಗಿದಳು.

“ಮಗ ಮುಟ್ಟದಿದ್ರೆ ಅಣ್ಣ ಉಣ್ದೇ ಹೋದ ಅಂತ್ಲೇ ಲೆಕ್ಕ. ಅದ್ ಕುಡುದ್ ಅಲ್ಲ ಮಗಾ, ಪ್ರಸಾದ.”

ಸುಗುಣ ಮುಂದೆ ಬಂದು ಗ್ಲಾಸನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. ಮನೆತುಂಬ ನೆಂಟರು, ಅಳುವ ಮುದುಕಿ, ಉಣ್ಣಲು ಬಂದ ಮಾವ. ಸೊಸೆಯಾದವಳು ಬೇರೇನು ಮಾಡಿಯಾಳು? ಅವನು ಒಂದು ಗುಟುಕು ಕುಡಿದ.

“ನಾನ್ ಕುಡ್ದೆ ಅಂತ ಅವತ್ತ್ ನಂಗ್ ಅನ್ಸ್ಲೇ ಇಲ್ಲ ನಾಗಕ್ಕ” ಎಂದು ಅವನು ಆಮೇಲೆ ನನಗೆ ಹೇಳಿದ. ಎಡವಟ್ಟಾದದ್ದೇ ಅಲ್ಲಿ. ಬಾರಿನಲ್ಲಿ ಕುಳಿತು ಕುಡಿದಿದ್ದರೆ ಕುಡಿದೆನಲ್ಲ ಎಂದು ಹೆದರಿ ಎದ್ದು ಬರುತ್ತಿದ್ದನೋ ಏನೋ. ಪ್ರಸಾದಕ್ಕೆ ಹೆದರುವವರು ಯಾರು? ಮರುದಿನ ಮಿಕ್ಕ ಬಾಟಲಿಯನ್ನು ಚೆಲ್ಲುವುದು ಅಪ್ಪನಿಗೆ ಅವಮಾನ ಎನ್ನಿಸಿತು. ಆ ಬಾಟಲಿ ಮುಗಿದ ಮೇಲೆ ಅಪ್ಪನ ಹೆಸರು ಬೇಕಾಗಲಿಲ್ಲ.

ಈ ಸಲ ಯಾರಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಗಲಾಟೆ ಇಲ್ಲ, ಪಾತ್ರೆ ಎಸೆಯುವುದಿಲ್ಲ. ಬಾಟಲಿ ರಿಕ್ಷಾದ ಸೀಟಿನಡಿ ಇರುತ್ತಿತ್ತು. ಮೀನಿನ ವಾಸನೆಯ ಮುಂದೆ ಬೇರೆ ಯಾವ ವಾಸನೆಯೂ ಬಾಲ ಬಿಚ್ಚುವುದಿಲ್ಲ. ಸುಗುಣ ಅವನ ಬೆನ್ನಿಗೇ ಕುಳಿತು ಬಾರ್ಕೂರಿಗೆ ಹೋಗಿ ಬರುತ್ತಿದ್ದಳು, ಅವಳ ಮೂಗಿನ ತುಂಬ ಅವಳದೇ ಮೀನು. ಶಿಬಿರದವರು ಒಮ್ಮೆ ಕರೆದಾಗ ಕುಡಿದೇ ಹೋಗಿ ಮೈಕಿನಲ್ಲಿ ಮಾತಾಡಿ ಬಂದನಂತೆ. ಇದನ್ನು ಹೇಳುವಾಗ ಅವನು ನೆಲ ನೋಡುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ಹೆದ್ದಾರಿಗೆ ಹತ್ತುವ ತಿರುವಿನಲ್ಲಿ ರಿಕ್ಷಾ ಮಗುಚಿತು. ದೇವರು ದೊಡ್ಡವನು, ಹೆಂಗಸರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅಷ್ಟೂ ಬುಟ್ಟಿಯ ಬಂಗುಡೆ, ಬೈಗೆ ಮೀನೆಲ್ಲ ರಸ್ತೆಯ ಅಗಲಕ್ಕೆ ಹರಡಿಹೋಯಿತು. ಲಾರಿಗಳು ಅದರ ಮೇಲೇ ಹೋದವು. ಕಾಗೆ, ಹದ್ದು ಎಲ್ಲ ಒಟ್ಟಾದವು. ಜನ ಓಡಿಬಂದು ರಿಕ್ಷಾ ಎತ್ತಿದಾಗ ಸೀಟಿನಡಿಯಿಂದ ಬಾಟಲಿ ಉರುಳಿ ಬಂತು. ಜೊತೆಯ ಹೆಂಗಸರು ಬೈದದ್ದು ಇಡೀ ಸಾಸ್ತಾನಕ್ಕೆ ಕೇಳಿತು. ಸುಗುಣ ಬೈಯಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರಸ್ತೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಜಜ್ಜದೆ ಉಳಿದ ಮೀನುಗಳನ್ನು ಆಯ್ದು ಬುಟ್ಟಿಗೆ ಹಾಕತೊಡಗಿದಳು. ನಾನು ಹೋಗಿ ಕೈ ಹಾಕಿದೆ. ಅವಳು ತಲೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ರತ್ನಾಕರ ಒಬ್ಬನೇ ಬಸ್ಸು ಹತ್ತಿ, ಕುಡಿತ ಬಿಡಿಸಿಕೊಳ್ಳಲು ಬ್ರಹ್ಮಾವರದ ಆಸ್ಪತ್ರೆಗೆ ಹೋದ. ಅಡ್ಮಿಟ್ ಮಾಡುವ ಮೊದಲು ನರ್ಸಮ್ಮ, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದಳಂತೆ. ಅವನು ಹಿಂದೆ ತಿರುಗಿ ನೋಡಿದನಂತೆ, ಯಾರಾದರೂ ಇರಬಹುದು ಎನ್ನುವ ಹಾಗೆ. ಆಮೇಲೆ ನನಗೆ ಫೋನು ಮಾಡಿದ.

“ನಾಗಕ್ಕ, ನಿಮ್ ಯಜಮಾನ್ರನ್ನ ಒಂಚೂರ್ ಕಳ್ಸ್ತ್ರಿಯಾ? ಇಲ್ಲ್ ಒಂದ್ ಜನ ಬೇಕಂಬ್ರ್.”

ಬೈಯಬೇಕೆಂದು ಬಾಯಿ ತೆರೆದಿದ್ದೆ, ಬೈಯಲಾಗಲಿಲ್ಲ. ಮೊಣಕಾಲು ನೋವಿನ ವೆಂಕಟರು ಬಾಣಲೆ ಇಳಿಸಿ ಹೋದರು. ಅವನು ಅಲ್ಲಿದ್ದಷ್ಟು ದಿನವೂ ಹೋಗಿ ಬಂದರು. ಸುಗುಣ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ದಿನಾ ಬೆಳಿಗ್ಗೆ ಗಂಜಿಯ ಕ್ಯಾರಿಯರನ್ನು ನಮ್ಮ ಹೋಟೆಲಿನ ಮೇಜಿನ ಮೇಲಿಟ್ಟು ಮಾತಿಲ್ಲದೆ ಹೋಗುತ್ತಿದ್ದಳು.

ಬಿಡುಗಡೆಯಾಗಿ ಬಂದವನಿಗೆ ಮನೆಯಲ್ಲಿ ಜಾಗವೇನೋ ಇತ್ತು. ಅನ್ನ ಮುಚ್ಚಿಟ್ಟಿರುತ್ತಿತ್ತು, ಬಟ್ಟೆ ಒಗೆದಿಟ್ಟಿರುತ್ತಿತ್ತು. ಮಾತು ಮಾತ್ರ ಇರಲಿಲ್ಲ. ಕುಂದಾಪುರದ ಕಾಲೇಜಿಗೆ ಹೋಗುವ ಶರಣ್ಯಾ ಅಪ್ಪ ಜಗಲಿಗೆ ಬಂದರೆ ಪುಸ್ತಕ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಸುಗುಣ ಮತ್ತು ಉಳಿದ ಹೆಂಗಸರು ಬಾರ್ಕೂರಿಗೆ ರತನನ ರಿಕ್ಷಾ ಗೊತ್ತು ಮಾಡಿಕೊಂಡಿದ್ದರು. ರತನ್ ಮದುವೆಯಾಗದ ಹುಡುಗ, ಬುಟ್ಟಿ ಇಡಲು ದಪ್ಪ ಪ್ಲಾಸ್ಟಿಕ್ ಹಾಸುತ್ತಾನೆ, ಹಾಡು ಜೋರಾಗಿ ಹಾಕುತ್ತಾನೆ. ಅವರು ನಮ್ಮ ಸ್ಟ್ಯಾಂಡು ದಾಟಿ ಹೋಗುವಾಗ ರತ್ನಾಕರ ತನ್ನ ಗಾಡಿಯ ಕನ್ನಡಿ ಒರೆಸುತ್ತಿರುತ್ತಿದ್ದ. ಹಿಂದೆ ಬೆಳಿಗ್ಗೆ ಬೆಳಿಗ್ಗೆ ಆ ಕನ್ನಡಿ ಒರೆಸುವವನಲ್ಲ.

ಒಂದು ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೇಳಿದೆ, “ನಿಂಗ್ ಈಗ ಎಂತ ಬೇಕ್ ರತ್ನಾಕರ?”

“ಅವ್ಳ್ ಒಂದ್ ಸಲ ಬುಟ್ಟಿ ತಂದ್ ನನ್ ರಿಕ್ಷಾದೊಳ್ಗ್ ಇಟ್ಟ್ರೆ ಸಾಕ್” ಎಂದ. “ಮಾತಾಡ್ದಿದ್ರೂ ಅಡ್ಡಿಲ್ಲ.”

ಬಿಡದೆ ಕುಡಿಯುವವರಿಗೆ ಗೆಳೆಯರಾದರೂ ಇರುತ್ತಾರೆ. ಬಿದ್ದು ಎದ್ದವನಿಗೆ ಅದೂ ಇಲ್ಲ ಎಂದು ನಾನು ಕಂಡುಕೊಂಡದ್ದು ಆಗ. ಕುಡಿಯುವವರು ಇವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು, ಕುಡಿಯದವರು ಈಚೆ ಬದಿಗೆ. ಶಿಬಿರದವರು ಬೈಯಲೂ ಇಲ್ಲ, ಕರೆಯಲೂ ಇಲ್ಲ. ಸ್ಟ್ಯಾಂಡಿನ ಡ್ರೈವರುಗಳು ಒಳ್ಳೆಯವರೇ, ಆದರೆ ಎಲ್ಲರಿಗೂ ಅವನ ಮೇಲೆ ಒಂದು ಕಣ್ಣು. ನಿದ್ದೆಗೆಟ್ಟು ಕಣ್ಣು ಕೆಂಪಾದರೆ ಕುಡಿದಿದ್ದಾನೆ. ಚಪ್ಪಲಿ ಜಾರಿ ತಡವರಿಸಿದರೆ ಕುಡಿದಿದ್ದಾನೆ. ಒಮ್ಮೆ ಯಾರದೋ ಮಾತಿಗೆ ಜೋರಾಗಿ ನಕ್ಕ. ನಕ್ಕದ್ದೇ ತಡ, ಪಕ್ಕದಲ್ಲಿದ್ದ ಮಿಥುನ್ ಎನ್ನುವ ಡ್ರೈವರು ಸುಮ್ಮನೆ ಅವನ ಬಾಯಿಯ ಹತ್ತಿರ ಮುಖ ತಂದು ಮೂಗು ಎಳೆದ. ತಮಾಷೆಗೆ ಮಾಡಿದ್ದು, ಎಲ್ಲರೂ ನಕ್ಕರು. ಆಮೇಲೆ ರತ್ನಾಕರ ನಗುವುದನ್ನೇ ಬಿಟ್ಟ. ಚಾ ತೆಗೆದುಕೊಂಡು ಹೋಗಿ ತನ್ನ ಗಾಡಿಯೊಳಗೆ ಕುಳಿತು ಕುಡಿಯುತ್ತಿದ್ದ, ಗ್ಲಾಸು ತಾನೇ ತಂದು ಕೊಡುತ್ತಿದ್ದ. ನೋಡಿ ನೋಡಿ ನನಗೆ ಸಂಕಟವಾಗುತ್ತಿತ್ತು. ಕನಿಕರ ಪಡುವವರನ್ನು ಕಂಡರೆ ಆಗದವಳಿಗೆ ಇದು ಬೇಕಿತ್ತಾ ಎಂದು ವೆಂಕಟರು ನಕ್ಕರು.

ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ಅವನು ರಿಕ್ಷಾದ ಸೀಟು ಕಿತ್ತು ಹೊರಗೆ ಹಾಕಿದ್ದಾನೆ. ಕೆಳಗಿನ ಹಳೆಯ ಮ್ಯಾಟನ್ನು ಸುಟ್ಟಿದ್ದಾನೆ. ನಮ್ಮ ಹೋಟೆಲಿನಿಂದಲೇ ಹುಣಸೆಹುಳಿ, ಲಿಂಬೆಸಿಪ್ಪೆ, ಸೋಡಾಪುಡಿ ಕೇಳಿ ತೆಗೆದುಕೊಂಡು ಹೋಗಿ ತಗಡನ್ನು ಉಜ್ಜಿದ್ದೇ ಉಜ್ಜಿದ್ದು. ಬಿಸಿನೀರು, ಆಮೇಲೆ ಫಿನಾಯಿಲು, ಆಮೇಲೆ ಸಾಬೂನು. ಒಂದು ವಾರ ಇದೇ ಕೆಲಸ. ಕೊನೆಗೆ ಹೊಸ ಸೀಟು ಹಾಕಿಸಿದ. ನಾನು ಹೋಗಿ ತಲೆ ಹಾಕಿ ನೋಡಿದೆ. ಮೀನಿನ ಸುಳಿವೇ ಇಲ್ಲ, ಆಸ್ಪತ್ರೆಯ ಹಾಗೆ ಇತ್ತು.

ಬಾಡಿಗೆ ತಾನಾಗಿ ಬರತೊಡಗಿತು. ಶಾಲೆಯ ಮಕ್ಕಳು, ಬ್ಯಾಂಕಿನ ಅಮ್ಮಂದಿರು, ಬಸ್ಸು ತಪ್ಪಿದ ಯಾತ್ರಿಕರು. ಸಾಲಿನ ಕೊನೆಗೆ ಹೋಗುವ ಪ್ರಮೇಯ ತಪ್ಪಿತು. ಸದ್ಯ, ಮನುಷ್ಯ ದಾರಿಗೆ ಬಂದ ಎಂದು ನಾನೂ ಖುಷಿಪಟ್ಟೆ. ಅವನ ಮುಖ ಮಾತ್ರ ಹಾಗೆಯೇ ಇತ್ತು.

ಏಪ್ರಿಲಿನಲ್ಲಿ ಎಲ್ಲಿಂದಲೋ ಬಂದ ಮೂವರು ಅವನ ಗಾಡಿಯಲ್ಲಿ ಕೊಲ್ಲೂರಿಗೆ ಹೋದರು. ದೇವಿಯ ದರ್ಶನ ಮಾಡಿ, ಪ್ರಸಾದ ಹಿಡಿದುಕೊಂಡು ವಾಪಸು ಬರುವಾಗ ಕಾಡಿನ ದಾರಿಯಲ್ಲಿ ಬಾಟಲಿ ತೆರೆದರಂತೆ. ಹಣೆಯ ಕುಂಕುಮ ಇನ್ನೂ ಒಣಗಿರಲಿಲ್ಲ. ರತ್ನಾಕರ ಗಾಡಿ ನಿಲ್ಲಿಸಿ ಇಳಿದ. “ನೀವ್ ಮುಗ್ಸಿ, ನಾನ್ ಅಲ್ಲ್ ಕೂಕಂತೆ” ಎಂದು ದೂರದ ಮೋರಿಕಟ್ಟೆಯ ಮೇಲೆ ಹೋಗಿ ಕುಳಿತ. ಒಬ್ಬ ಗ್ಲಾಸು ಹಿಡಿದುಕೊಂಡು ಅಲ್ಲಿಗೂ ಬಂದ, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಡ್ರೈವರಣ್ಣ ಒಬ್ಬನೇ ಕೂತಿದ್ದಾನೆ ಎಂದು. ಎಷ್ಟೋ ತಿಂಗಳಿಂದ ಯಾರೂ ಅವನ ಪಕ್ಕದಲ್ಲಿ ಬಂದು ಕುಳಿತಿರಲಿಲ್ಲ.

“ಅದ್ ಬ್ರಾಂಡಿ ವಾಸ್ನಿಗಿಂತ ಕಷ್ಟ ಆಯ್ತ್ ನಾಗಕ್ಕ” ಎಂದ ಮರುದಿನ. “ಬನ್ನಿ ಅಣ್ಣ ಅಂದ, ಹೆಗ್ಲ್ ಮೇಲ್ ಕೈ ಹಾಕ್ದ. ಆ ಕೈ ತೆಗೀರಿ ಅನ್ನೂಕ್ ಮನ್ಸ್ ಬರ್ಲಿಲ್ಲ.”

“ಮತ್ತೆ ಎಂತ ಮಾಡ್ದೆ?”

“ಹೊಟ್ಟಿ ಸಮ ಇಲ್ಲ ಅಂದೆ. ಅವ್ನ್ ಎದ್ದ್ ಹೋದ.”

ಗಾಡಿಯಲ್ಲಿ ಬ್ರಾಂಡಿ ಚೆಲ್ಲಿತ್ತು. ಮರುದಿನ ಬೆಳಗಾದದ್ದೇ ತಡ, ಅವನು ಮತ್ತೆ ಸೀಟು ಬಿಚ್ಚಿ, ಸೋಡಾಪುಡಿ ಹಾಕಿ ಕೈಚರ್ಮ ಸುಲಿಯುವ ಹಾಗೆ ತೊಳೆಯತೊಡಗಿದ. ಅದೇ ಹೊತ್ತಿಗೆ, ರತನ್ ತಡ ಮಾಡಿದ್ದಕ್ಕೆ, ಸುಗುಣ ಬುಟ್ಟಿ ಹೊತ್ತು ನಡೆದೇ ಬಂದಳು. ನಿಂತು ನೋಡಿದಳು. ಅವನು ಬಗ್ಗಿ ಉಜ್ಜುತ್ತಲೇ ಇದ್ದ, ಕಾಣಲಿಲ್ಲ. ಅವಳು ಸೀದಾ ನಮ್ಮ ಹೋಟೆಲಿಗೆ ಬಂದು ಬುಟ್ಟಿ ಕೆಳಗಿಟ್ಟು ಕುಳಿತಳು. ಕಣ್ಣಿನಲ್ಲಿ ನೀರಿತ್ತು.

“ಅಷ್ಟ್ ಹೇಸ್ಗಿ ಆಯ್ತಾ ನಾಗಕ್ಕ, ಅವ್ರಿಗ್ ನಮ್ ವಾಸ್ನಿ?”

“ಎಂತ ಹೇಳ್ತೆ ಮಾರಾಯ್ತಿ ನೀನ್?”

“ಒಂದ್ ಸಲ ತೊಳ್ದದ್ದ್ ಸಾಲ್ದಾ? ಇಷ್ಟ್ ವರ್ಷ ಉಂಡದ್ದ್ ಈ ವಾಸ್ನಿಯೊಳ್ಗೆ, ಮಗ್ಳ್ ಓದ್ದದ್ದ್ ಈ ವಾಸ್ನಿಯೊಳ್ಗೆ. ಈಗ ಬ್ಯಾಂಕಿನರ್ ಕೂರ್ತ್ರ್, ನಮ್ ಬುಟ್ಟಿ ಬ್ಯಾಡ. ರಿಕ್ಷಾ ತೊಳೂಕ್ ಹೋಯಿ ನನ್ನನ್ನೇ ತೊಳ್ದ್ ಹಾಕ್ರ್.”

ನನಗೆ ಸಿಟ್ಟು ಬಂತು. “ನೀನ್ ಮಾತಾಡ್ದೆ ಕೂತ್ರೆ ಅವ್ನ್ ಎಂತ ಮಾಡ್ಕ್? ಬೈಯೂಕಾರೂ ಬೈ.”

ಸುಗುಣ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು.

“ಬೈಯೂಕ್ ನಂಗ್ ಬಾಯಿ ಎಲ್ಲಿತ್ತ್? ಎಲಿ ಮುಂದಿನ ಗ್ಲಾಸ್ ಎತ್ತಿ ಕೊಟ್ಟದ್ದ್ ನಾನೇ ಅಲ್ದಾ? ನೀನೇ ಕೊಟ್ಟದ್ದಲ್ದಾ ಅಂತ ಅವ್ರ್ ಒಂದ್ ಸಲ ಕೇಂಡ್ರೆ ನಾನ್ ಎಂತ ಹೇಳ್ಲಿ? ಕೇಂತ್ರ್ ಕೇಂತ್ರ್ ಅಂತ ಹೆದ್ರಿ ಹೆದ್ರಿ ಎದ್ರ್ ನಿಲ್ಲೂಕೇ ಆತಿಲ್ಲ ನಂಗೆ.”

“ಕೇಂಡ್ರಾ ಈ ತನಕ?”

“ಇಲ್ಲ. ಕುಡ್ದ್ ಬಿದ್ದಾಗ್ಲೂ ಕೇಂಡದ್ದಿಲ್ಲ.”

ಬಸ್ಸಿನ ಹಾರ್ನು ಕೇಳಿ ಅವಳು ಎದ್ದಳು, ಬುಟ್ಟಿ ಇದೆ ಎಂದು ನೆನಪಾಗಿ ರತನನ ರಿಕ್ಷಾಕ್ಕೆ ಕಾದು ನಿಂತಳು. ನಾನು ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಒಂದೇ ಮನೆಯಲ್ಲಿ ಇಬ್ಬರು ಮೂಕರಾಗಿ ಓಡಾಡುತ್ತಾರೆ, ಇಬ್ಬರ ಸಂಕಟವನ್ನೂ ಕೇಳುವವಳು ನಾನೊಬ್ಬಳು.

ಮಧ್ಯಾಹ್ನ ರತ್ನಾಕರ ಚಾ ಗ್ಲಾಸು ಕೊಡಲು ಬಂದಾಗ ತಡೆದು ನಿಲ್ಲಿಸಿ, ನಿನ್ನ ಹೆಂಡತಿ ಹೀಗೆ ತಿಳಿದುಕೊಂಡಿದ್ದಾಳೆ ಎಂದು ಹೇಳಿಬಿಟ್ಟೆ. ಗ್ಲಾಸಿನ ವಿಷಯ ಮಾತ್ರ ಹೇಳಲಿಲ್ಲ. ಅದು ಹೆಣ್ಣು ಹೆಣ್ಣಿಗೆ ಹೇಳಿಕೊಂಡ ಮಾತು. ಅವನು ಬೆಪ್ಪಾಗಿ ನಿಂತ.

“ಹೇಸ್ಗಿಯಾ? ಅವ್ಳ್ ವಾಸ್ನಿ ನಂಗ್ ಹೇಸ್ಗಿಯಾ?” ಗ್ಲಾಸನ್ನು ಮೇಜಿನ ಮೇಲಿಟ್ಟ. “ಮೀನಿನ ವಾಸ್ನಿಯೊಳ್ಗ್ ಹುಗ್ಗಿ ಅಡಗಿ ಕುಡ್ದವ್ನ್ ನಾನ್, ನಾಗಕ್ಕ. ಇನ್ ಹುಗ್ಗೂಕ್ ಜಾಗ ಇಪ್ಪುಕಾಗ ಅಂತ ತೊಳ್ದೆ. ಒಂದ್ ಗುಟ್ಕ್ ಕುಡ್ದ್ರೂ ಅವ್ಳಿಗ್ ಗೊತ್ತಾಯ್ಕ್ ಅಂತ.”

“ಹೋಯ್ ಇದನ್ನೇ ಹೇಳ್ ಅವ್ಳಿಗೆ.”

“ನನ್ ಮಾತಿಗ್ ಎಂತ ಬೆಲೆ ಇತ್ತ್? ನಾಲ್ಕ್ ವರ್ಷ ಮೈಕಂಗ್ ಹೇಳ್ದವ್ನ್ ನಾನ್. ಅವ್ಳೇ ಬಂದ್ ಮೂಸಿ ಕಾಣ್ಕ್. ನೀವೂ ಹೇಳ್ಬೇಡಿ, ನಾನೇ ಹೇಳಿ ಕಳ್ಸಿದ್ ಅಂತ ಆತ್ತ್.”

ಹೇಳಬೇಡ ಎಂದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಮರುದಿನವೇ ಸುಗುಣಳನ್ನು ಹಿಡಿದು ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಬುಟ್ಟಿಯ ಬಾಯಿ ಬಿಗಿದಳು.

“ಕುಡಿವರಿಗ್ ಕಾರಣಕ್ಕ್ ಬರ ಇಲ್ಲ ನಾಗಕ್ಕ. ಕುಡೂಕೂ ಇತ್ತ್, ಬಿಡೂಕೂ ಇತ್ತ್” ಎಂದು ರತನನ ರಿಕ್ಷಾ ಹತ್ತಿದಳು. ಅವನು ಹೇಳಿದ್ದೇ ಸರಿಯಾಯಿತು, ಮಾತಿಗೆ ಬೆಲೆ ಇರಲಿಲ್ಲ.

ಜೂನಿನಲ್ಲಿ ಬೋಟುಗಳು ದಡ ಸೇರಿದವು. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸುಗುಣ ಒಣಮೀನಿನ ಕಟ್ಟು ಹಿಡಿದು ಬಸ್ಸಿನಲ್ಲೇ ಬಾರ್ಕೂರಿಗೆ ಹೋಗಿಬರುತ್ತಿದ್ದಳು. ಗೋಣಿಯಲ್ಲಿ ಸುತ್ತಿದರೆ ಕಂಡಕ್ಟರನ ಮೂಗಿಗೆ ಅಷ್ಟು ಬೇಗ ಹತ್ತುವುದಿಲ್ಲ. ಆ ದಿನಗಳಲ್ಲಿ ನಾನು ಒಂದನ್ನು ಗಮನಿಸಿದೆ. ಬಸ್ಸಿಳಿದು ಮನೆ ಕಡೆ ಹೋಗಲು ಅವಳು ಮೊದಲು ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದಳು. ಈಗ ಕೊಡೆ ಬಿಚ್ಚಿಕೊಂಡು ರಿಕ್ಷಾಗಳ ಸಾಲಿನ ಪಕ್ಕದಲ್ಲೇ ಹೋಗುತ್ತಾಳೆ. ಗಂಡನ ರಿಕ್ಷಾ ಬಂದಾಗ ಹೆಜ್ಜೆ ನಿಧಾನ ಮಾಡುತ್ತಾಳೆ, ಒಳಗಿನ ಗಾಳಿ ಮೂಗಿಗೆ ಬರುವ ಹಾಗೆ ಕೊಡೆಯನ್ನು ಒಂಚೂರು ಓರೆ ಮಾಡುತ್ತಾಳೆ, ಮತ್ತೆ ಮುಂದೆ ಹೋಗುತ್ತಾಳೆ. ಅವನು ಒಳಗೆ ಹ್ಯಾಂಡಲು ಹಿಡಿದು ಎದುರು ನೋಡಿಕೊಂಡು ಕುಳಿತಿರುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಮಳೆಗಾಲವಿಡೀ ಇದೇ ನಡೆಯಿತು. ಕೆಲವು ಬೆಳಿಗ್ಗೆ ಕುಡಿತದ ಸೆಳೆತ ಅವನನ್ನು ಕೂರಗೊಡುತ್ತಿರಲಿಲ್ಲ. ಅಂಥ ದಿನಗಳಲ್ಲಿ ಬಾಡಿಗೆ ಬಿಟ್ಟು ನಮ್ಮ ಹಿತ್ತಿಲಿಗೆ ಬಂದು ಸೌದೆ ಒಡೆಯುತ್ತಿದ್ದ. ಆ ಮಳೆಗಾಲದಷ್ಟು ಸೌದೆ ನಮ್ಮಲ್ಲಿ ಯಾವತ್ತೂ ಇರಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಮೊದಲ ಮೀನು ಬಂದ ದಿನ ಹೋಟೆಲಿಗೆ ಬಂಗುಡೆ ತರಲು ನಾನೇ ಕೋಡಿಯ ಬಂದರಿಗೆ ಹೋಗಿದ್ದೆ. ಕಾಲಿಡಲು ಜಾಗವಿಲ್ಲ, ಏಲಂ ಕೂಗುವವರು, ಐಸು ಒಡೆಯುವವರು, ಬುಟ್ಟಿ ತುಂಬಿಸುವ ಹೆಂಗಸರು. ಐಸ್ ಪ್ಲಾಂಟಿನ ಗೋಡೆಯ ಪಕ್ಕದಲ್ಲಿ, ಎಲ್ಲರಿಂದ ದೂರ, ರತ್ನಾಕರನ ರಿಕ್ಷಾ ನಿಂತಿತ್ತು. ಅವನು ಯಾರನ್ನೂ ಕರೆಯಲಿಲ್ಲ. ಹೊಸ ಸೀಟು, ತೊಳೆದ ತಗಡು, ಆ ಗಲೀಜಿನ ನಡುವೆ ಮದುಮಗನ ಗಾಡಿಯ ಹಾಗೆ ಕಾಣುತ್ತಿತ್ತು.

ರತನ್ ತನ್ನ ಗಾಡಿಯಿಂದ ತಲೆ ಹೊರಗೆ ಹಾಕಿ ಕೂಗಿದ, “ಹ್ವಾಯ್ ಸುಗುಣಕ್ಕ, ಬೇಗ ಬನ್ನಿ, ಎಲ್ಲ ಕೂತಾಯ್ತ್.”

ಸುಗುಣ ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಬಂದಳು. ರತನನ ರಿಕ್ಷಾ ದಾಟಿದಳು. ನಾನು ಮೀನಿನ ಚೀಲ ಕೆಳಗಿಟ್ಟೆ. ಅವಳು ಐಸ್ ಪ್ಲಾಂಟಿನ ಗೋಡೆಯ ತನಕ ಹೋಗಿ, ಬುಟ್ಟಿಯನ್ನು ನೆಲಕ್ಕಿಳಿಸಿ, ಗಂಡನ ರಿಕ್ಷಾದೊಳಗೆ ತಲೆ ಹಾಕಿದಳು. ಸೀಟಿನ ಹತ್ತಿರ ಬಗ್ಗಿ ಮೂಸಿದಳು. ನೆಲದ ತಗಡಿನ ಹತ್ತಿರ ಮೂಸಿದಳು. ಆಮೇಲೆ, ಅಷ್ಟು ಜನರ ನಡುವೆ, ಅವನ ಮುಖದ ಹತ್ತಿರ ಮುಖ ತಂದು ನಿಧಾನವಾಗಿ ಉಸಿರೆಳೆದುಕೊಂಡಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಬಂದರಿನ ಹೆಂಗಸರು ನೋಡುತ್ತಿದ್ದರು. ಒಬ್ಬಳೂ ನಗಲಿಲ್ಲ.

ಅವಳು ಬಗ್ಗಿ ಬುಟ್ಟಿ ಎತ್ತಿದಳು. ಅವನು ಗಡಬಡಿಸಿ ಇಳಿದ.

“ತಡಿ ಸುಗುಣ, ಪ್ಲಾಸ್ಟಿಕ್ ಹಾಸ್ತೆ.”

“ಬ್ಯಾಡ” ಎಂದಳು. ಏಳು ತಿಂಗಳ ನಂತರ ಅವಳು ಅವನಿಗೆ ಹೇಳಿದ ಮೊದಲ ಮಾತು ಅದು. ಬುಟ್ಟಿಯನ್ನು ಬರಿಯ ತಗಡಿನ ಮೇಲೆ ಇಟ್ಟಳು. ಐಸಿನ ನೀರು, ಮೀನಿನ ನೆತ್ತರು ಸೇರಿ ಸೋರಿ ಹೊಸ ಸೀಟಿನ ಕಾಲಿನ ತನಕ ಹರಿಯಿತು. ಅವನು ಅದನ್ನೇ ನೋಡುತ್ತ ನಿಂತ.

“ಕಾಣಿ” ಎಂದಳು ಸುಗುಣ. ದನಿ ಗಟ್ಟಿಯಾಗಿರಲಿಲ್ಲ, ಆದರೆ ನಾನು ಹತ್ತಿರವೇ ಇದ್ದೆ. “ಇನ್ ವಾಸ್ನಿ ಹಿಡ್ದ್ ಗೊತ್ತ್ ಮಾಡೂಕ್ ನಂಗ್ ಆತಿಲ್ಲ. ನೀವ್ ಕುಡ್ದ್ರೂ ನಂಗ್ ಗೊತ್ತಾತಿಲ್ಲ. ನೀವೇ ಹೇಳ್ಕ್.”

ರತ್ನಾಕರ ಸೋರಿದ ನೀರಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ಇಲ್ಲ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಹಾಕುತ್ತಾನೆ ಎಂದುಕೊಂಡೆ. ಕುಡುಕರ ಬಾಯಲ್ಲಿ ಆಣೆ ಸುಲಭ. ಹಾಕಿಬಿಟ್ಟರೆ ಅವಳು ಬುಟ್ಟಿ ಇಳಿಸಿಕೊಂಡು ಹೋಗುತ್ತಾಳೆ ಎಂದು ಹೆದರಿದೆ.

“ಬೆಳಿಗ್ಗೆ ಕುಡೂಕ್ ಆಸಿ ಆಯ್ತ್” ಎಂದ ಅವನು. “ಇಲ್ಲ್ ಒಬ್ನೇ ನಿಂತಿಪ್ಪತಿಗೆ. ಅಂಗ್ಡಿ ತನಕ ಹೋದೆ. ಬಾಗ್ಲ್ ತೆಗ್ದಿರ್ಲಿಲ್ಲ. ತೆಗ್ದಿದ್ರೆ ಎಂತ ಆತಿತ್ತೋ ಗೊತ್ತಿಲ್ಲ ಸುಗುಣ.”

ಸುಗುಣ ಅವನ ಮುಖ ನೋಡಿದಳು. ಆಮೇಲೆ ಒಳಗೆ ಹತ್ತಿ ಕುಳಿತು, ಬುಟ್ಟಿಯನ್ನು ಎರಡೂ ಕಾಲುಗಳ ನಡುವೆ ಎಳೆದುಕೊಂಡಳು.

“ನಾಳಿಂದ ಮನಿಯಿಂದ್ಲೇ ಒಟ್ಟಿಗ್ ಹೊರ್ಡುವ” ಎಂದಳು. “ಈಗ ಗಾಡಿ ಬಿಡಿ, ಬಾರ್ಕೂರಂಗ್ ಜನ ಕಾಯ್ತ್ರ್.”

ನಾನು ಮೀನಿನ ಚೀಲ ಎತ್ತಿಕೊಂಡು ರತನನ ರಿಕ್ಷಾದಲ್ಲಿ ಸುಗುಣ ಬಿಟ್ಟ ಜಾಗದಲ್ಲಿ ಕುಳಿತೆ. ಸಾಸ್ತಾನ ಬರುವ ತನಕ ಅಳುತ್ತಲೇ ಇದ್ದೆ.